ಮರಿಗಿಂತ ಮೊದಲು ತಾಯಿಯನ್ನು ನೋಡಿ

ನಾಯಿಮರಿಯ ಆರೋಗ್ಯ, ಸ್ವಭಾವ ಎರಡೂ ಬಹುಪಾಲು ಅದು ಕೊಂಡವರ ಮನೆಯ ಹೊಸ್ತಿಲು ದಾಟುವ ಮೊದಲೇ ನಿರ್ಧಾರವಾಗಿರುತ್ತವೆ. ತಂದೆತಾಯಿಯಿಂದ ಬಂದದ್ದು ಒಂದಿಷ್ಟು, ತಾಯಿಯ ಹೊಟ್ಟೆಯಲ್ಲಿದ್ದಾಗ ಸಿಕ್ಕ ಪೋಷಣೆ ಒಂದಿಷ್ಟು, ಹುಟ್ಟಿದ ಮೇಲಿನ ಮೊದಲ ಎಂಟು ವಾರಗಳಲ್ಲಿ ಕಂಡು ಕಲಿತದ್ದು ಮತ್ತೊಂದಿಷ್ಟು. ಈ ಮೂರೂ ಬ್ರೀಡರ್ ಕೈಯಲ್ಲಿರುವ ಸಂಗತಿಗಳು. ಕೊಂಡವರು ಆಮೇಲೆ ಎಷ್ಟೇ ಒಳ್ಳೆಯ ಊಟ ಹಾಕಲಿ, ಎಷ್ಟೇ ದುಬಾರಿ ಆಸ್ಪತ್ರೆಗೆ ಕರೆದೊಯ್ಯಲಿ, ಹುಟ್ಟಿನಿಂದಲೇ ಸಡಿಲವಾದ ಸೊಂಟದ ಕೀಲನ್ನೋ ಮನುಷ್ಯರನ್ನು ಕಂಡರೆ ನಡುಗುವ ಸ್ವಭಾವವನ್ನೋ ಪೂರ್ತಿ ಸರಿಪಡಿಸಲಾಗದು. ಆದರೂ ಮರಿ ತರಲು ಹೊರಟ ಮನೆಗಳಲ್ಲಿ ವಾರಗಟ್ಟಲೆ ಚರ್ಚೆ ನಡೆಯುವುದು ಯಾವ ತಳಿ, ಯಾವ ಬಣ್ಣ, ಎಷ್ಟು ಬೆಲೆ ಎಂಬುದರ ಮೇಲೆ. ಯಾರಿಂದ ತರುವುದು ಎಂಬ ಪ್ರಶ್ನೆ ಪರಿಚಯದವರೊಬ್ಬರು ಕೊಟ್ಟ ಫೋನ್ ನಂಬರಿನಲ್ಲೇ ಮುಗಿದುಹೋಗುತ್ತದೆ.

ಮರಿ ಮಾರುವವರೆಲ್ಲ ಬ್ರೀಡರ್‌ಗಳಲ್ಲ. ಒಂದೋ ಎರಡೋ ತಳಿಗಳನ್ನಷ್ಟೇ ಹಲವು ವರ್ಷಗಳಿಂದ ಸಾಕಿ, ಅಪರೂಪಕ್ಕೆ ಒಂದು ಸೂಲು ಮರಿ ಮಾಡಿಸುವವರು ಒಂದು ಬಗೆ. ಇವರಲ್ಲಿ ಹಲವರು ಡಾಗ್ ಶೋಗಳಿಗೆ ಓಡಾಡುವವರು, ತಮ್ಮ ನಾಯಿಗಳ ಅಜ್ಜ ಮುತ್ತಜ್ಜಂದಿರ ಹೆಸರು ಬಾಯಿಪಾಠ ಹೇಳುವವರು. ಹತ್ತಾರು ತಳಿಗಳ ಹೆಣ್ಣುನಾಯಿಗಳನ್ನು ಶೆಡ್ಡಿನಲ್ಲಿ ಕಟ್ಟಿ, ಬೆದೆಗೆ ಬಂದಾಗಲೆಲ್ಲ ಕ್ರಾಸ್ ಮಾಡಿಸುವವರು ಇನ್ನೊಂದು ಬಗೆ. ಮನೆಯ ನಾಯಿ ಗಬ್ಬವಾಗಿ ಈದದ್ದರಿಂದ ಮರಿಗಳಿಗೆ ಮನೆ ಹುಡುಕುವವರೂ ಇದ್ದಾರೆ. ಇವರೆಲ್ಲರಿಗಿಂತ ಹೆಚ್ಚು ಕಣ್ಣಿಗೆ ಬೀಳುವವನು ದಲ್ಲಾಳಿ. ಅವನ ಬಳಿ ಒಂದು ನಾಯಿಯೂ ಇರುವುದಿಲ್ಲ, ಆದರೆ ಕೇಳಿದ ತಳಿಯ ಮರಿ ಎರಡು ದಿನದಲ್ಲಿ ಬರುತ್ತದೆ. ಮರಿ ಹುಟ್ಟಿದ ಊರು ಒಂದು, ಕೈ ಬದಲಾದ ಊರು ಇನ್ನೊಂದು, ಮಾರಾಟವಾದ ಊರು ಮತ್ತೊಂದು. ತಾಯಿ ಯಾವುದೆಂದು ಮಾರುವವನಿಗೂ ತಿಳಿದಿರುವುದಿಲ್ಲ. 2022ರ ಕನ್ನಡ ಸಿನಿಮಾ ‘777 ಚಾರ್ಲಿ’ಯ ಲ್ಯಾಬ್ರಡಾರ್ ತಪ್ಪಿಸಿಕೊಂಡು ಬಂದದ್ದು ಕ್ರೂರಿಯಾದ ಬ್ರೀಡರ್ ಒಬ್ಬನ ಜಾಗದಿಂದ ಎಂಬುದನ್ನು ಚಿತ್ರ ನೋಡಿ ಕಣ್ಣೀರಿಟ್ಟವರು ನೆನಪಿಟ್ಟುಕೊಳ್ಳಬೇಕು. ಅಂಥ ಜಾಗಗಳು ನಡೆಯುವುದು ಮರಿಯನ್ನು ಮಾತ್ರ ನೋಡಿ ಹಣ ಕೊಡುವ ಗಿರಾಕಿಗಳಿಂದಲೇ.

ಮೊದಲ ಎಂಟು ವಾರಗಳ ಮಹತ್ವ ಸ್ವಲ್ಪ ವಿವರವಾಗಿ ತಿಳಿಯಬೇಕಾದ ವಿಷಯ. ಹುಟ್ಟಿದ ಮರಿಗೆ ಕಣ್ಣೂ ಕಾಣಿಸದು, ಕಿವಿಯೂ ಕೇಳಿಸದು. ಹತ್ತರಿಂದ ಹದಿನಾಲ್ಕು ದಿನಕ್ಕೆ ಕಣ್ಣು ಬಿಡುತ್ತದೆ, ಅದರ ಹಿಂದೆಯೇ ಕಿವಿ ತೆರೆಯುತ್ತದೆ. ಮೂರನೆಯ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕನೆಯ ವಾರದವರೆಗಿನ ಅವಧಿಯಲ್ಲಿ ಅದು ಯಾವುದನ್ನು ಕಂಡು ಒಗ್ಗಿಕೊಳ್ಳುತ್ತದೋ ಅದನ್ನು ಜೀವನಪೂರ್ತಿ ಸಹಜವೆಂದು ತಿಳಿಯುತ್ತದೆ. ಕಾಣದೇ ಹೋದದ್ದಕ್ಕೆ ಆಮೇಲೆ ಹೆದರುತ್ತದೆ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಗಮನಿಸಿ ಕಂಡುಕೊಂಡದ್ದು ಇದನ್ನೇ. 1965ರಲ್ಲಿ ಅವರ ಗ್ರಂಥ ಹೊರಬಂತು. ಅದಕ್ಕೂ ಮೊದಲು, 1961ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮರಿಗಳನ್ನು ಮನುಷ್ಯರ ಸಂಪರ್ಕವಿಲ್ಲದೆ ಬೇಲಿಯೊಳಗಿನ ಬಯಲಲ್ಲಿ ಬೆಳೆಸಲಾಗಿತ್ತು. ಹದಿನಾಲ್ಕು ವಾರವಾದರೂ ಮನುಷ್ಯರ ಕೈ ತಾಗದ ಮರಿಗಳು ಕಾಡುಪ್ರಾಣಿಯಂತಾಗಿ, ಆಮೇಲೆ ಎಷ್ಟು ಮುದ್ದಿಸಿದರೂ ಹತ್ತಿರ ಬರಲಿಲ್ಲ. ಕತ್ತಲ ಶೆಡ್ಡಿನಲ್ಲಿ ಊಟ ಹಾಕುವ ಕೈಯೊಂದನ್ನು ಬಿಟ್ಟು ಬೇರೇನನ್ನೂ ಕಾಣದ ಮರಿ ಮಿಕ್ಸಿ ಸದ್ದಿಗೆ ಮಂಚದ ಕೆಳಗೆ ಸೇರುವುದರಲ್ಲಿ, ಮನೆಗೆ ಬಂದ ನೆಂಟರ ಕೈಗೆ ಬಾಯಿ ಹಾಕುವುದರಲ್ಲಿ ಆಶ್ಚರ್ಯವಿಲ್ಲ.

ಒಡಹುಟ್ಟಿದ ಮರಿಗಳ ಜೊತೆಗಿನ ಕಚ್ಚಾಟವೂ ಒಂದು ಪಾಠವೇ. ಜೋರಾಗಿ ಕಚ್ಚಿದರೆ ಎದುರಿನ ಮರಿ ಕಿರುಚಿ ಆಟ ಬಿಟ್ಟು ಹೋಗುತ್ತದೆ, ಅತಿಯಾದರೆ ತಾಯಿ ಗದರುತ್ತದೆ. ಹಲ್ಲಿಗೆ ಎಷ್ಟು ಬಲ ಹಾಕಬೇಕೆಂಬ ಅಳತೆ ಮರಿಗೆ ಸಿಗುವುದು ಹೀಗೆ. ಮೂವತ್ತು, ಮೂವತ್ತೈದು ದಿನಕ್ಕೆ ತಾಯಿಯಿಂದ ಬಿಡಿಸಿದ ಮರಿ ಈ ಪಾಠ ಕಲಿಯದೆಯೇ ಬರುತ್ತದೆ. ಮಾರುವವರಿಗೆ ಮಾತ್ರ ಆ ವಯಸ್ಸೇ ಅನುಕೂಲ. ಮರಿ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು, ನೋಡಿದವರ ಮನಸ್ಸು ಕರಗುತ್ತದೆ. ಇನ್ನೊಂದು ತಿಂಗಳ ಆಹಾರ, ಜಂತುಹುಳು ಔಷಧಿ, ಲಸಿಕೆಯ ಖರ್ಚು ಉಳಿಯುತ್ತದೆ. ಕಾಯಿಲೆ ಬಿದ್ದರೆ ಕೊಂಡವರ ಮನೆಯಲ್ಲಿ ಬೀಳುತ್ತದೆ. ‘ಚಿಕ್ಕದಿದ್ದಾಗಲೇ ತಂದರೆ ಚೆನ್ನಾಗಿ ಹೊಂದಿಕೊಳ್ಳುತ್ತೆ’ ಎಂಬ ಮಾತು ಗಿರಾಕಿಗಳ ಬಾಯಲ್ಲೂ ಕೇಳುವಷ್ಟು ಬೇರೂರಿದೆ. ಅದು ವ್ಯಾಪಾರಿಗಳು ಹುಟ್ಟಿಸಿದ ನಂಬಿಕೆ. ವಯಸ್ಸನ್ನು ಸುಳ್ಳು ಹೇಳುವುದೂ ಇದೆ, ಆದರೆ ಹಲ್ಲು ಸುಳ್ಳು ಹೇಳುವುದಿಲ್ಲ. ಎಂಟು ವಾರದ ಹೊತ್ತಿಗೆ ಮರಿಯ 28 ಹಾಲುಹಲ್ಲುಗಳೂ ಬಂದಿರುತ್ತವೆ. ಮುಂದಿನ ಹಲ್ಲು ಈಗಷ್ಟೇ ಮೂಡುತ್ತಿರುವ ಮರಿಯನ್ನು ‘ಎರಡು ತಿಂಗಳದ್ದು’ ಎಂದರೆ ಯಾವ ಪಶುವೈದ್ಯರೂ ಒಪ್ಪಲಾರರು.

ಮರಿಗಳ ವ್ಯಾಪಾರದಲ್ಲಿ ಅತಿ ಹೆಚ್ಚು ಜಗಳ ಹುಟ್ಟಿಸುವ ಕಾಯಿಲೆ ಪಾರ್ವೋ. 1978ರ ಸುಮಾರಿಗೆ ಪ್ರಪಂಚದಾದ್ಯಂತ ಕಾಣಿಸಿಕೊಂಡ ಈ ವೈರಸ್ ಮರಿಯ ಕರುಳಿನ ಒಳಪದರವನ್ನೇ ಹಾಳುಮಾಡುತ್ತದೆ. ವಾಂತಿ, ರಕ್ತಭೇದಿಯಾಗಿ ಚಿಕಿತ್ಸೆ ತಡವಾದರೆ ಎರಡು ಮೂರು ದಿನದಲ್ಲಿ ಮರಿ ಸಾಯುತ್ತದೆ. ಸೋಂಕಿತ ನಾಯಿಯ ಮಲದಿಂದ ನೆಲಕ್ಕೆ ಬಿದ್ದ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತದೆ, ಸಾಮಾನ್ಯ ಫಿನಾಯಿಲಿಗೆ ಬಗ್ಗುವುದಿಲ್ಲ. ಸೋಂಕು ತಗುಲಿ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಆದ್ದರಿಂದ ಶೆಡ್ಡಿನಲ್ಲೋ ದಾರಿಯಲ್ಲೋ ಸೋಂಕು ಅಂಟಿಸಿಕೊಂಡ ಮರಿ ಕೊಳ್ಳುವ ದಿನ ಕುಣಿಯುತ್ತಿದ್ದು, ಹೊಸ ಮನೆಗೆ ಬಂದ ನಾಲ್ಕನೆಯ ದಿನ ಮಂಕಾಗುತ್ತದೆ. ಮಾರಿದವನು ‘ನೀವು ಹಾಲು ಹಾಕಿದ್ದೀರಿ, ಅದಕ್ಕೇ ಹೀಗಾಯ್ತು’ ಎನ್ನುತ್ತಾನೆ. ಹಾಲಿನಿಂದ ಭೇದಿಯಾಗಬಹುದು, ಪಾರ್ವೋ ಬರುವುದಿಲ್ಲ.

ಲಸಿಕೆಯ ಲೆಕ್ಕ ತಿಳಿದಿದ್ದರೆ ಮಾರುವವರ ಅರ್ಧ ಮಾತನ್ನು ಅಲ್ಲೇ ಅಳೆಯಬಹುದು. ತಾಯಿಯ ಗಿಣ್ಣುಹಾಲಿನಿಂದ ಬಂದ ರೋಗನಿರೋಧಕ ಅಂಶಗಳು ಮರಿಯನ್ನು ಕೆಲವು ವಾರ ಕಾಯುತ್ತವೆ. ಅವು ಇರುವವರೆಗೆ ಲಸಿಕೆಯನ್ನೂ ಕೆಲಸ ಮಾಡಗೊಡುವುದಿಲ್ಲ. ಅವು ಯಾವ ವಾರ ಕಡಿಮೆಯಾಗುತ್ತವೆ ಎಂಬುದು ಮರಿಯಿಂದ ಮರಿಗೆ ಬೇರೆ. ಅದಕ್ಕಾಗಿಯೇ ಆರರಿಂದ ಎಂಟನೆಯ ವಾರದಲ್ಲಿ ಮೊದಲ ಲಸಿಕೆ ಹಾಕಿ, ಮೂರು ನಾಲ್ಕು ವಾರಕ್ಕೊಮ್ಮೆ ಪುನರಾವರ್ತಿಸುತ್ತ ಹದಿನಾರನೆಯ ವಾರದವರೆಗೂ ಮುಂದುವರಿಸುತ್ತಾರೆ. ರೇಬಿಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ. ಅಂದರೆ ನಲವತ್ತೈದು ದಿನದ ಮರಿಯನ್ನು ತೋರಿಸಿ ‘ಎಲ್ಲ ಇಂಜೆಕ್ಷನ್ ಆಗಿದೆ’ ಎನ್ನುವವನಿಗೆ ವಿಷಯ ಗೊತ್ತಿಲ್ಲ, ಇಲ್ಲವೇ ಗಿರಾಕಿಗೆ ಗೊತ್ತಿಲ್ಲವೆಂದು ಅವನಿಗೆ ಗೊತ್ತು. ಲಸಿಕೆ ಪುಸ್ತಕದಲ್ಲಿ ಔಷಧಿ ಬಾಟಲಿಯ ಸ್ಟಿಕ್ಕರ್, ಬ್ಯಾಚ್ ನಂಬರ್, ದಿನಾಂಕ, ಪಶುವೈದ್ಯರ ಸಹಿ ಮತ್ತು ಮೊಹರು ಇರಬೇಕು. ಬರಿಯ ಟಿಕ್ ಗುರುತಿರುವ ಕಾರ್ಡಿಗೆ ಬೆಲೆಯಿಲ್ಲ.

ಇನ್ನು ಕಾನೂನಿನ ಮಾತು. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ ಕೇಂದ್ರ ಸರ್ಕಾರ 2017ರಲ್ಲಿ ನಾಯಿಗಳ ಸಂತಾನಾಭಿವೃದ್ಧಿ ಮತ್ತು ಮಾರಾಟದ ನಿಯಮಗಳನ್ನು ಹೊರಡಿಸಿತು. ಅದರ ಪ್ರಕಾರ ಮರಿ ಮಾಡಿಸಿ ಮಾರುವ ಪ್ರತಿಯೊಬ್ಬರೂ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡು, ಪ್ರಮಾಣಪತ್ರವನ್ನು ಕಾಣುವಂತೆ ತೂಗುಹಾಕಬೇಕು. ಹದಿನೆಂಟು ತಿಂಗಳು ತುಂಬದ ನಾಯಿಯನ್ನು ಕ್ರಾಸ್ ಮಾಡಿಸುವಂತಿಲ್ಲ. ಎಂಟು ವರ್ಷ ದಾಟಿದ ಹೆಣ್ಣುನಾಯಿಯನ್ನೂ ಹಾಗೆಯೇ. ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚಿಲ್ಲ. ತಾಯಿ ಮಗ, ತಂದೆ ಮಗಳು, ಒಡಹುಟ್ಟಿದವು, ಅಜ್ಜ ಮೊಮ್ಮಗಳು ಇಂಥ ಹತ್ತಿರದ ಸಂಬಂಧದಲ್ಲಿ ಮರಿ ಮಾಡಿಸುವುದು ನಿಷಿದ್ಧ. ಎಂಟು ವಾರದೊಳಗಿನ ಮರಿಯನ್ನು ಮಾರುವಂತಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಮರಿಗಳನ್ನು ಪ್ರದರ್ಶನಕ್ಕಿಟ್ಟು ಮಾರುವಂತಿಲ್ಲ. ನಾಯಿಗಳಿಗೆ ಮೈಕ್ರೋಚಿಪ್ ಹಾಕಿಸಬೇಕು, ದಾಖಲೆಗಳನ್ನಿಡಬೇಕು, ಕೊಂಡವರಿಗೆ ಬಿಲ್ ಕೊಡಬೇಕು. ಅಂಗಡಿಗಳಿಗೆ 2018ರಲ್ಲಿ ಪ್ರತ್ಯೇಕ ನಿಯಮಗಳು ಬಂದವು. ಅವರಿಗೂ ನೋಂದಣಿ ಕಡ್ಡಾಯ.

ಓದಲು ಚೆನ್ನಾಗಿರುವ ಈ ನಿಯಮಗಳ ಹಿಂದಿರುವ ಮೂಲ ಕಾಯ್ದೆಗೆ ಹಲ್ಲಿಲ್ಲ. ಪ್ರಾಣಿಹಿಂಸೆಯ ಮೊದಲ ಅಪರಾಧಕ್ಕೆ ಅದು ಹಾಕುವ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಒಂದು ಮರಿಗೆ ಹತ್ತಾರು ಸಾವಿರ ಎಣಿಸುವ ವ್ಯಾಪಾರಿಗೆ ಇದು ಹೆದರುವ ಮೊತ್ತವಲ್ಲ. ಹಾಗಾಗಿ ನಿಯಮಗಳು ಸದ್ಯಕ್ಕೆ ಹೆಚ್ಚು ಉಪಯೋಗಕ್ಕೆ ಬರುವುದು ಕೊಳ್ಳುವವರಿಗೇ. ‘ಮಂಡಳಿಯ ನೋಂದಣಿ ಪತ್ರ ತೋರಿಸಿ’ ಎಂದು ಕೇಳಿದಾಗ ಬರುವ ಉತ್ತರ, ಅದು ಬರುವ ಧಾಟಿ, ಎರಡೂ ಬಹಳಷ್ಟನ್ನು ತಿಳಿಸುತ್ತವೆ.

ನೋಂದಣಿ ಪತ್ರ ಕೇಳಿದರೆ ಹಲವರು ತೋರಿಸುವುದು ಬೇರೊಂದು ಕಾಗದವನ್ನು, ಕೆಸಿಐ ಪೇಪರ್ ಎಂದು ಎಲ್ಲರೂ ಕರೆಯುವ ಕೆನಲ್ ಕ್ಲಬ್ ಆಫ್ ಇಂಡಿಯಾದ ವಂಶಾವಳಿ ಪತ್ರವನ್ನು. ಚೆನ್ನೈನಲ್ಲಿ ಕೇಂದ್ರ ಕಚೇರಿಯಿರುವ ಈ ಸಂಸ್ಥೆ ಶುದ್ಧ ತಳಿಯ ನಾಯಿಗಳ ವಂಶಾವಳಿಯನ್ನು ದಾಖಲಿಸುತ್ತದೆ. ಮರಿಯ ತಂದೆತಾಯಿ ಯಾರು, ಅವುಗಳ ಹಿಂದಿನವರು ಯಾರು ಎಂಬುದಷ್ಟೇ ಆ ಪತ್ರದ ವಿಷಯ. ಮರಿ ಆರೋಗ್ಯವಾಗಿದೆ, ಅದನ್ನು ಚೆನ್ನಾಗಿ ಬೆಳೆಸಿದ್ದಾರೆ ಎಂದು ಅದು ಎಲ್ಲೂ ಹೇಳುವುದಿಲ್ಲ. ಸರ್ಕಾರದ ನೋಂದಣಿಗೆ ಬದಲಿಯೂ ಅಲ್ಲ. ಪತ್ರದಲ್ಲಿರುವ ಮೈಕ್ರೋಚಿಪ್ ಸಂಖ್ಯೆ ಮರಿಯ ಚರ್ಮದಡಿಯ ಚಿಪ್‌ಗೆ ಹೊಂದುತ್ತದೆಯೇ ಎಂದು ಸ್ಕ್ಯಾನರ್ ಇರುವ ಪಶುವೈದ್ಯರ ಬಳಿ ಕ್ಷಣದಲ್ಲಿ ನೋಡಬಹುದು. ‘ಪೇಪರ್ ಬೇಕಾದರೆ ಇಷ್ಟು, ಬೇಡವಾದರೆ ಇಷ್ಟು’ ಎಂದು ಒಂದೇ ಮರಿಗೆ ಎರಡು ಬೆಲೆ ಹೇಳುವವರಿದ್ದಾರೆ. ತಂದೆತಾಯಿ ಎರಡೂ ನೋಂದಣಿಯಾದ ನಾಯಿಗಳಾಗಿದ್ದರೆ ಮರಿಯ ನೋಂದಣಿಗೆ ತಗಲುವ ಖರ್ಚು ಅಲ್ಪ; ಬೆಲೆಯ ಅಂತರ ಸಾವಿರಗಳಲ್ಲಿದ್ದರೆ ಏನೋ ಮುಚ್ಚಿಡಲಾಗುತ್ತಿದೆ.

ವಂಶಪಾರಂಪರ್ಯದ ಕಾಯಿಲೆಗಳ ವಿಷಯದಲ್ಲಿ ಜವಾಬ್ದಾರಿಯುಳ್ಳ ಬ್ರೀಡರ್ ಉಳಿದವರಿಂದ ಸ್ಪಷ್ಟವಾಗಿ ಬೇರೆಯಾಗುತ್ತಾರೆ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆ ನಾಯಿಗಳಿಗೂ ಸಲ್ಲುತ್ತದೆ, ಆದರೆ ಕೆಲವು ದೋಷಗಳು ನೂಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ರಾಟ್‌ವೀಲರ್‌ನಂಥ ದೊಡ್ಡ ತಳಿಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂರದ ದೋಷ ಸಾಮಾನ್ಯ. ಮರಿಯಾಗಿದ್ದಾಗ ಓಡಾಡಿಕೊಂಡಿರುವ ನಾಯಿ ಆಮೇಲೆ ಮೆಟ್ಟಿಲು ಹತ್ತಲು ಹಿಂಜರಿಯುತ್ತದೆ, ಮೊಲದಂತೆ ಹಿಂಗಾಲುಗಳನ್ನು ಜೋಡಿಸಿ ಕುಪ್ಪಳಿಸುತ್ತದೆ. ಇದನ್ನು ಪತ್ತೆಹಚ್ಚಲು ಇರುವ ದಾರಿ ತಂದೆತಾಯಿಯ ಎಕ್ಸ್‌ರೇ. ಅಮೆರಿಕದಲ್ಲಿ ಇಂಥ ಎಕ್ಸ್‌ರೇಗಳನ್ನು ಪರಿಶೀಲಿಸಿ ದರ್ಜೆ ಕೊಡಲೆಂದೇ 1966ರಲ್ಲಿ ಒಂದು ಪ್ರತಿಷ್ಠಾನ ಹುಟ್ಟಿತು. ನಾಯಿಗೆ ಎರಡು ವರ್ಷ ತುಂಬದೆ ಅದು ಸೊಂಟದ ಅಂತಿಮ ಪ್ರಮಾಣಪತ್ರ ಕೊಡುವುದಿಲ್ಲ. ಲ್ಯಾಬ್ರಡಾರ್‌ಗಳಲ್ಲಿ ಕಣ್ಣಿನ ಅಕ್ಷಿಪಟಲ ನಿಧಾನವಾಗಿ ಸವೆದು ಕುರುಡಾಗಿಸುವ ಒಂದು ಕಾಯಿಲೆಯಿದೆ. ದೋಷದ ಜೀನ್ ಒಂದೇ ಪ್ರತಿ ಇರುವ ನಾಯಿ ಪೂರ್ತಿ ಆರೋಗ್ಯವಾಗಿರುತ್ತದೆ. ಅಂಥ ಎರಡು ನಾಯಿಗಳು ಕೂಡಿದರೆ ಹುಟ್ಟುವ ಪ್ರತಿ ಮರಿಗೂ ಕುರುಡಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಡಿಎನ್‌ಎ ಪರೀಕ್ಷೆ ಮಾಡಿಸಿದವರಿಗೆ ಮಾತ್ರ ಇದು ಮೊದಲೇ ತಿಳಿಯುತ್ತದೆ. ಡ್ಯಾಶ್‌ಹಂಡ್‌ಗೆ ಬೆನ್ನುಹುರಿಯ ಡಿಸ್ಕ್ ಜಾರುವ ತೊಂದರೆ, ಡಾಲ್ಮೇಷಿಯನ್‌ಗೆ ಕಿವುಡು, ಹೀಗೆ ಪ್ರತಿ ತಳಿಗೂ ಅದರದೇ ದೌರ್ಬಲ್ಯ. ತಮಿಳುನಾಡಿನ ಅಚ್ಚಬಿಳಿ ರಾಜಪಾಳಯಂ ನಾಯಿಗಳಲ್ಲೂ ಹುಟ್ಟುಕಿವುಡು ಕಂಡುಬರುತ್ತದೆ. ತನ್ನ ತಳಿಯ ದೌರ್ಬಲ್ಯವೇನು ಎಂದು ಕೇಳಿದಾಗ ಒಳ್ಳೆಯ ಬ್ರೀಡರ್ ಅರ್ಧ ಗಂಟೆ ಮಾತಾಡಬಲ್ಲರು. ‘ನಮ್ಮ ನಾಯಿಗಳಿಗೆ ಏನೂ ಬರೋದಿಲ್ಲ ಸಾರ್’ ಎಂಬ ಉತ್ತರ ಬಂದರೆ ಮಾತು ಅಲ್ಲಿಗೇ ನಿಲ್ಲಿಸಬಹುದು.

ಕೆಲವು ತಳಿಗಳಲ್ಲಿ ದೋಷ ಇರುವುದು ರೂಪದಲ್ಲೇ. ಪಗ್‌ನ ಚಪ್ಪಟೆ ಮುಖದೊಳಗೆ ಉಸಿರಾಟಕ್ಕೆ ಬೇಕಾದಷ್ಟು ಜಾಗವಿಲ್ಲ. ನಾಯಿ ಮೈ ತಂಪುಮಾಡಿಕೊಳ್ಳುವುದು ತೇಕುವುದರಿಂದ. ಸರಿಯಾಗಿ ತೇಕಲಾಗದ ಪಗ್ ಕಲಬುರಗಿಯ ಬೇಸಿಗೆಯಲ್ಲಿ ಜೀವಕ್ಕೇ ಅಪಾಯ ತಂದುಕೊಳ್ಳುತ್ತದೆ. 2003ರ ಹಚ್ ಮೊಬೈಲ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ ಪಗ್ ದೇಶದಲ್ಲಿ ಆ ತಳಿಗೆ ಎಲ್ಲಿಲ್ಲದ ಬೇಡಿಕೆ ತಂದಿತು. ಬೇಡಿಕೆ ಏರಿದಾಗ ಕೈಗೆ ಸಿಕ್ಕ ನಾಯಿಗಳನ್ನೆಲ್ಲ ಕ್ರಾಸ್ ಮಾಡಿಸುವ ವ್ಯಾಪಾರಿಗಳೂ ಏಳುತ್ತಾರೆ, ಯಾವ ತಳಿಗಾದರೂ ಫ್ಯಾಷನ್ ಒಂದು ಶಾಪ. ಬ್ರಿಟನ್ನಿನಲ್ಲಿ 2008ರಲ್ಲಿ ಬಿಬಿಸಿ ಪ್ರಸಾರ ಮಾಡಿದ ಸಾಕ್ಷ್ಯಚಿತ್ರವೊಂದು ಪ್ರದರ್ಶನದ ನಾಯಿಗಳ ಒಳಸಂತಾನದ ಪರಿಣಾಮಗಳನ್ನು ಬಯಲಿಗೆಳೆದ ಮೇಲೆ ಅಲ್ಲಿನ ಕೆನಲ್ ಕ್ಲಬ್ ತಳಿ ಲಕ್ಷಣಗಳನ್ನೇ ಪರಿಷ್ಕರಿಸಬೇಕಾಯಿತು.

ನಮ್ಮ ಮಾರುಕಟ್ಟೆಯ ಭಾಷೆ ಕೇಳಿದರೆ ಆ ಪಾಠ ಇಲ್ಲಿಗಿನ್ನೂ ತಲುಪಿದಂತಿಲ್ಲ. ‘ಡಬಲ್ ಬೋನ್’, ‘ಪಂಚ್ ಫೇಸ್’, ‘ಟೀ ಕಪ್’, ‘ಚಾಂಪಿಯನ್ ಬ್ಲಡ್‌ಲೈನ್’ ಮುಂತಾದವು ಜಾಹೀರಾತಿನ ಪದಗಳೇ ಹೊರತು ತಳಿಶಾಸ್ತ್ರದವಲ್ಲ. ಎರಡು ಪಟ್ಟು ಮೂಳೆಯಿರುವ ನಾಯಿ ಎಲ್ಲೂ ಇಲ್ಲ. ‘ಟೀ ಕಪ್’ ಎಂಬ ಗಾತ್ರವನ್ನು ಯಾವ ಪ್ರಮುಖ ಕೆನಲ್ ಕ್ಲಬ್ ಕೂಡ ಮಾನ್ಯ ಮಾಡಿಲ್ಲ. ಅತಿ ಕುಬ್ಜವಾದ ಮರಿಗಳಲ್ಲಿ ಒಂದು ಹೊತ್ತು ಊಟ ತಪ್ಪಿದರೂ ರಕ್ತದ ಸಕ್ಕರೆ ಕುಸಿಯುವ ಭಯವಿರುತ್ತದೆ. ನಮ್ಮಲ್ಲಿ ಮನೆಮನೆಯ ‘ಪಾಮೇರಿಯನ್’ ಬಹುತೇಕ ಇಂಡಿಯನ್ ಸ್ಪಿಟ್ಸ್, ಗಟ್ಟಿಮುಟ್ಟಾದ ಒಳ್ಳೆಯ ನಾಯಿ. ಅದನ್ನು ವಿದೇಶಿ ಹೆಸರಿನಲ್ಲಿ ವಿದೇಶಿ ಬೆಲೆಗೆ ಮಾರುವುದಷ್ಟೇ ತಪ್ಪು.

ಬ್ರೀಡರ್ ಮನೆಗೆ ಹೋಗಿ ನೋಡುವುದಕ್ಕೆ ಬದಲಿ ಇಲ್ಲ. ವಿಡಿಯೊ ಕಾಲ್ ಸಾಲದು. ಹೋದಾಗ ಮೊದಲು ಕೇಳಬೇಕಾದದ್ದು ತಾಯಿಯನ್ನು, ಅದೂ ಮರಿಗಳ ಜೊತೆಯಲ್ಲಿ. ತಾಯಿಯ ಮೊಲೆಗಳು ಹಾಲೂಡಿಸಿದ ಗುರುತು ತೋರಿಸುತ್ತಿರಬೇಕು, ಮರಿಗಳು ಅದನ್ನು ಕಂಡು ಓಡಿಬರಬೇಕು. ಎಲ್ಲಿಂದಲೋ ತಂದು ನಿಲ್ಲಿಸಿದ ‘ತಾಯಿ’ಯ ನಾಟಕ ಅಲ್ಲೇ ಬಯಲಾಗುತ್ತದೆ. ಈದ ನಾಯಿ ಸ್ವಲ್ಪ ಬಡಕಲಾಗಿ, ಕೂದಲು ಉದುರಿಸಿಕೊಂಡಿದ್ದರೆ ಗಾಬರಿಯಾಗಬೇಕಿಲ್ಲ, ಅದು ಸಹಜ. ನೋಡಬೇಕಾದದ್ದು ಅದರ ಸ್ವಭಾವವನ್ನು. ಹೊಸಬರನ್ನು ಕಂಡು ಬೊಗಳಿದರೂ ಮಾಲೀಕರ ಮಾತಿಗೆ ಸಮಾಧಾನವಾಗುವ ತಾಯಿಯ ಮರಿಗಳ ಬಗ್ಗೆ ಭರವಸೆ ಇಡಬಹುದು. ಮಾಲೀಕನ ಕೈ ಎತ್ತಿದರೆ ಮುದುಡಿಕೊಳ್ಳುವ ತಾಯಿ ಹೇಳುವ ಕಥೆ ಬೇರೆ. ‘ತಾಯಿ ಊರಲ್ಲಿದೆ’, ‘ಈಗ ತೋರಿಸಿದರೆ ಕಚ್ಚುತ್ತೆ’, ‘ಬಸ್ ಸ್ಟ್ಯಾಂಡ್ ಹತ್ತಿರ ಬನ್ನಿ, ನಾನೇ ತಂದುಕೊಡ್ತೀನಿ’ ಎಂಬ ಮೂರೂ ಮಾತುಗಳ ಅರ್ಥ ಒಂದೇ. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ‘ಲೂಸಿ ಕಾನೂನು’ ಮೂರನೆಯವರು ಮರಿ ಮಾರುವುದನ್ನೇ ನಿಷೇಧಿಸಿದೆ. ಮರಿಯನ್ನು ಹುಟ್ಟಿದ ಜಾಗದಲ್ಲಿ, ತಾಯಿಯೊಂದಿಗೆ ತೋರಿಸಿಯೇ ಮಾರಬೇಕು. ವೇಲ್ಸ್‌ನ ಮರಿ ಉತ್ಪಾದನಾ ಫಾರಂ ಒಂದರಲ್ಲಿ ಸೂಲಿನ ಮೇಲೆ ಸೂಲು ಈದು ಜರ್ಜರಿತವಾಗಿ, 2013ರಲ್ಲಿ ರಕ್ಷಿಸಲ್ಪಟ್ಟ ಕವಲಿಯರ್ ತಳಿಯ ಹೆಣ್ಣುನಾಯಿಯ ಹೆಸರು ಲೂಸಿ. ನಮ್ಮಲ್ಲಿ ಅಂಥ ಕಾನೂನಿಲ್ಲ, ಕೊಳ್ಳುವವರೇ ಆ ಷರತ್ತು ಹಾಕಬೇಕು.

ತಂದೆ ನಾಯಿ ಅಲ್ಲಿ ಇಲ್ಲದಿರುವುದು ದೋಷವಲ್ಲ. ಒಳ್ಳೆಯ ಜೋಡಿಗಾಗಿ ಬೇರೆ ಊರಿನ ಗಂಡುನಾಯಿಯ ಬಳಿ ಕರೆದೊಯ್ಯುವುದು ಮೆಚ್ಚಬೇಕಾದ ಕ್ರಮವೇ. ಅದರ ಫೋಟೊ, ಪರೀಕ್ಷಾ ವರದಿ ಇದ್ದರೆ ಸಾಕು. ಜಾಗ ಐಷಾರಾಮಿ ಆಗಿರಬೇಕಿಲ್ಲ. ನೆಲ ಒಣಗಿದ್ದು, ನೀರು ಇಟ್ಟಿದ್ದು, ಮಲ ಬಿದ್ದಲ್ಲೇ ಒಣಗಿರದೆ, ಮಲಗಲು ಬೇರೆ ಜಾಗವಿದ್ದರೆ ಆಯಿತು. ಮರಿಗಳು ಮನೆಮಂದಿಯ ಓಡಾಟ, ಟಿ.ವಿ. ಸದ್ದು, ಮಕ್ಕಳ ಗಲಾಟೆಯ ನಡುವೆ ಬೆಳೆದಿದ್ದರೆ ಇನ್ನೂ ಒಳ್ಳೆಯದು. ಮರಿಯ ಮೈ ಪರೀಕ್ಷೆ ಸುಲಭ: ಕಣ್ಣಲ್ಲಿ ಪಿಸರು, ಮೂಗಲ್ಲಿ ಕೀವು ಇರಬಾರದು, ಒಸಡು ನಸುಗೆಂಪಾಗಿರಬೇಕು, ಬಾಲದ ಕೆಳಗೆ ಭೇದಿಯ ಕಲೆ ಇರಬಾರದು. ಮೈ ಸಣಕಲಾಗಿ ಹೊಟ್ಟೆ ಮಾತ್ರ ಉಬ್ಬಿದ್ದರೆ ಜಂತುಹುಳು.

ಇನ್ನೊಂದು ಲಕ್ಷಣ ಬಹಳ ಜನರಿಗೆ ಹೊಳೆಯುವುದಿಲ್ಲ. ಒಳ್ಳೆಯ ಬ್ರೀಡರ್ ಉತ್ತರ ಕೊಡುವುದಕ್ಕಿಂತ ಪ್ರಶ್ನೆ ಕೇಳುವುದೇ ಹೆಚ್ಚು. ಮನೆ ಸ್ವಂತದ್ದೋ ಬಾಡಿಗೆಯದೋ, ಬಾಡಿಗೆಯಾದರೆ ಓನರ್ ಒಪ್ಪಿದ್ದಾರೋ, ಹಗಲು ಮರಿಯ ಜೊತೆ ಯಾರಿರುತ್ತಾರೆ, ಹಬ್ಬಕ್ಕೆ ಊರಿಗೆ ಹೋದಾಗ ಎಲ್ಲಿ ಬಿಡುತ್ತಾರೆ, ಮೊದಲು ನಾಯಿ ಸಾಕಿದ್ದರೆ ಅದೇನಾಯಿತು. ಈ ವಿಚಾರಣೆ ಕೆಲವರಿಗೆ ಕಿರಿಕಿರಿ. ‘ದುಡ್ಡು ಕೊಟ್ಟು ತಗೊಳ್ಳೋಕೆ ಇಷ್ಟೆಲ್ಲ ಯಾಕೆ’ ಎನ್ನುವವರಿದ್ದಾರೆ. ಆದರೆ ಪ್ರಶ್ನೆ ಕೇಳದವರಿಗೆ ಮರಿ ಎಲ್ಲಿಗೆ ಹೋದರೂ ಚಿಂತೆಯಿಲ್ಲ. ಎರಡನೆಯ ಮಹಡಿಯ ಒಂದು ಬೆಡ್‌ರೂಮಿನ ಮನೆಗೆ ಹಸ್ಕಿ ಬೇಕೆಂದು ಬಂದವರನ್ನು ಹಿಂದೆ ಕಳಿಸುವ ಬ್ರೀಡರ್ ನಷ್ಟಮಾಡಿಕೊಂಡು ಉಪಕಾರ ಮಾಡುತ್ತಿರುತ್ತಾರೆ. ಯಾವ ಕಾರಣಕ್ಕಾದರೂ ಸಾಕಲಾಗದಿದ್ದರೆ, ಎಷ್ಟು ವರ್ಷ ಕಳೆದಿದ್ದರೂ, ನಾಯಿಯನ್ನು ತಮಗೇ ಹಿಂದಿರುಗಿಸಬೇಕೆಂದು ಕೇಳುವುದೂ ಇಂಥವರೇ. ಬೆಂಗಳೂರಿನ ಆಶ್ರಯಧಾಮಗಳಲ್ಲಿ ಬೀದಿಗೆ ಬಿಟ್ಟ ಲ್ಯಾಬ್ರಡಾರ್, ಸೇಂಟ್ ಬರ್ನಾರ್ಡ್‌ಗಳನ್ನು ಕಂಡವರಿಗೆ ಈ ಒಂದು ಸಾಲಿನ ಬೆಲೆ ತಿಳಿಯುತ್ತದೆ.

ಆನ್‌ಲೈನ್ ವ್ಯವಹಾರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಾರುಕಟ್ಟೆಗಿಂತ ತೀರಾ ಕಡಿಮೆ ಬೆಲೆ, ಬೇರೆಡೆಯಿಂದ ಕದ್ದ ಫೋಟೊ, ಮೊದಲು ಅಡ್ವಾನ್ಸ್, ಆಮೇಲೆ ವಿಮಾನದ ಪೆಟ್ಟಿಗೆಗೆ ಇಷ್ಟು, ಇನ್ಶೂರೆನ್ಸ್‌ಗೆ ಇಷ್ಟು ಎಂಬ ಸರಣಿ, ಕೊನೆಗೆ ಫೋನ್ ಸ್ವಿಚ್ ಆಫ್. ಮರಿಯನ್ನೂ ತಾಯಿಯನ್ನೂ ಕಣ್ಣಾರೆ ನೋಡದೆ ಹಣ ಕಳಿಸಬಾರದು.

ಕರ್ನಾಟಕದ್ದೇ ಆದ ಮುಧೋಳ ನಾಯಿ ಕೊಳ್ಳುವವರಿಗೂ ಈ ಮಾತುಗಳೆಲ್ಲ ಅನ್ವಯಿಸುತ್ತವೆ. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ಈ ಬೇಟೆನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ಸೇನೆ ಮೀರತ್‌ನಲ್ಲಿ ತರಬೇತಿ ಕೊಟ್ಟಿತು, 2020ರ ಆಗಸ್ಟ್‌ನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಹೆಸರು ಹೇಳಿದ ಮೇಲೆ ಕೇಳುವವರು ಹೆಚ್ಚಿದರು. ಬೇಡಿಕೆ ಹೆಚ್ಚಿದಲ್ಲಿ ಬೆರಕೆಯೂ ಬರುತ್ತದೆ. ಮರಿಯಾಗಿದ್ದಾಗ ಅಸಲಿಗೂ ತೆಳುಮೈಯ ಬೇರೆ ಬೇಟೆನಾಯಿಗಳ ಬೆರಕೆಗೂ ವ್ಯತ್ಯಾಸ ಕಾಣುವುದು ಕಷ್ಟ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ವಿಚಾರಣೆ ಅಲ್ಲಿಂದ ಶುರುಮಾಡುವುದು ಲೇಸು. ಸುತ್ತಲಿನ ಹಳ್ಳಿಗಳಲ್ಲಿ ಹಲವು ಕುಟುಂಬಗಳು ಇವನ್ನು ಸಾಕಿ ಮಾರಿ ಬದುಕುತ್ತಿವೆ, ಅಲ್ಲಿ ತಾಯಿಯನ್ನು ನೋಡಲು ತಡೆಯೇನಿಲ್ಲ. ಓಡಲೆಂದೇ ಹುಟ್ಟಿದ ಈ ನಾಯಿ ಫ್ಲ್ಯಾಟಿಗೆ ಹೊಂದುವಂಥದ್ದಲ್ಲ. ಮೈಯಲ್ಲಿ ಕೊಬ್ಬು ಕಡಿಮೆಯಿರುವುದರಿಂದ ಕೆಲವು ಅರಿವಳಿಕೆ ಔಷಧಿಗಳ ಪರಿಣಾಮ ಇಂಥ ನಾಯಿಗಳಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರಿಗೆ ತಳಿಯನ್ನು ತಿಳಿಸಬೇಕು.

ಉಗ್ರ ತಳಿಗಳೆಂಬ ವಿವಾದವೂ ಕೊಳ್ಳುವವರ ಗಮನದಲ್ಲಿರಬೇಕು. ಪಿಟ್‌ಬುಲ್, ರಾಟ್‌ವೀಲರ್ ಸೇರಿದಂತೆ 23 ತಳಿಗಳ ಮಾರಾಟ ಮತ್ತು ಸಂತಾನಾಭಿವೃದ್ಧಿ ತಡೆಯಲು ಕೇಂದ್ರ ಸರ್ಕಾರ 2024ರ ಮಾರ್ಚ್ 12ರಂದು ಸುತ್ತೋಲೆ ಹೊರಡಿಸಿತ್ತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಮಾಡಿದ್ದೆಂದು ಕರ್ನಾಟಕ ಹೈಕೋರ್ಟ್ ಅದನ್ನು ಏಪ್ರಿಲ್ 10ರಂದು ರದ್ದುಪಡಿಸಿತು. ಕಾನೂನು ಏನೇ ಇರಲಿ, ಇಂಥ ಬಲಿಷ್ಠ ತಳಿಗಳಲ್ಲಿ ತಾಯಿಯ ಸ್ವಭಾವ ಮತ್ತು ಮೊದಲ ವಾರಗಳ ಪಾಲನೆ ಉಳಿದೆಲ್ಲ ತಳಿಗಳಿಗಿಂತ ಹೆಚ್ಚು ಮುಖ್ಯ. ಮೊದಲ ಬಾರಿ ನಾಯಿ ಸಾಕುವವರು ಇವುಗಳ ಗೊಡವೆಗೆ ಹೋಗದಿರುವುದೇ ಒಳ್ಳೆಯದು.

ಕೊಳಕು ಶೆಡ್ಡಿನ ಮೂಲೆಯಲ್ಲಿ ನಡುಗುತ್ತಿರುವ ಮರಿಯನ್ನು ಕಂಡು ‘ಪಾಪ, ಇದನ್ನಾದರೂ ಬಿಡಿಸೋಣ’ ಎಂದು ಹಣ ಕೊಡುವುದು ಕರುಣೆಯಿಂದ ಆಗುವ ಅನಾಹುತ. ಆ ಮರಿ ಹೊರಬಂದ ಜಾಗಕ್ಕೆ ಇನ್ನೊಂದು ಬರುತ್ತದೆ, ಒಳಗಿರುವ ತಾಯಿ ಮತ್ತೆ ಗಬ್ಬವಾಗುತ್ತದೆ. ಅಲ್ಲಿ ಮಾಡಬೇಕಾದದ್ದು ಫೋಟೊ ತೆಗೆದು ಪ್ರಾಣಿ ಕಲ್ಯಾಣ ಮಂಡಳಿಗೋ ಪೊಲೀಸರಿಗೋ ದೂರು ಕೊಡುವುದು. ನಿರ್ದಿಷ್ಟ ತಳಿಯೇ ಬೇಕೆಂಬ ಹಟ ಇಲ್ಲದವರಿಗೆ ದತ್ತು ಪಡೆಯುವ ದಾರಿ ಇದ್ದೇ ಇದೆ. ನಮ್ಮ ಬೀದಿಯ ನಾಡುನಾಯಿಗಳ ಮರಿಗಳಿಗೆ ಶುದ್ಧ ತಳಿಗಳ ಬಹುಪಾಲು ವಂಶಕಾಯಿಲೆಗಳ ಕಾಟ ಕಡಿಮೆ.

ಮರಿ ಮನೆಗೆ ಬರುವಾಗ ಜೊತೆಗೆ ಬರಬೇಕಾದದ್ದು ಬಿಲ್, ಲಸಿಕೆ ಪುಸ್ತಕ, ಚಿಪ್ ಸಂಖ್ಯೆ, ತಿನ್ನುತ್ತಿದ್ದ ಆಹಾರದ ವಿವರ. ಎರಡು ಮೂರು ದಿನದೊಳಗೆ ಮಾರಿದವರಿಗೆ ಸಂಬಂಧವಿಲ್ಲದ ಪಶುವೈದ್ಯರಿಗೆ ತೋರಿಸಬೇಕು. ದೋಷ ಕಂಡರೆ ಹಿಂದಿರುಗಿಸುವ ಮಾತು ಬಿಲ್ಲಿನಲ್ಲೇ ಬರೆದಿರಬೇಕು. ಬೆಲೆಯ ಚೌಕಾಸಿ ಇದಾದ ಮೇಲಿನ ವಿಷಯ. ಕೊಳ್ಳುವಾಗ ಉಳಿಸಿದ ಐದು ಸಾವಿರ ಒಂದು ಪಾರ್ವೋ ಚಿಕಿತ್ಸೆಗೇ ಸಾಲದು.

ಹೆಣ್ಣುನಾಯಿಯ ಗಬ್ಬದ ಅವಧಿ ಸುಮಾರು 63 ದಿನ. ಅದರ ಮೇಲೆ ಮರಿ ತಾಯಿಯ ಬಳಿ ಇರಬೇಕಾದದ್ದು 8 ವಾರ. ಕ್ರಾಸ್ ಆದ ದಿನದಿಂದ ಲೆಕ್ಕ ಹಾಕಿದರೆ ಮರಿ ಕೈಗೆ ಬರಲು ಹತ್ತಿರ ಹತ್ತಿರ ನಾಲ್ಕು ತಿಂಗಳು. ವರ್ಷಕ್ಕೆ ಒಂದೇ ಸೂಲು ಮಾಡಿಸುವವರಲ್ಲಿ ಸರದಿ ಇನ್ನೂ ಉದ್ದ. ಮಗುವಿನ ಹುಟ್ಟುಹಬ್ಬ ಬರುವ ಭಾನುವಾರ, ಅಷ್ಟರೊಳಗೆ ಮರಿ ಬೇಕು ಎನ್ನುವವರಿಗೆ ಒಳ್ಳೆಯ ಬ್ರೀಡರ್ ಕೊಡುವ ಉತ್ತರ ‘ಇಲ್ಲ’ ಎಂದೇ. ಅಂಥವರು ಹುಟ್ಟುಹಬ್ಬಕ್ಕೆ ಬೇರೆ ಉಡುಗೊರೆ ಕೊಟ್ಟು, ಬ್ರೀಡರ್ ಬಳಿ ಹೆಸರು ಬರೆಸಿ ಬರಬೇಕು.